ದಪ್ಪಕ್ಷರವೂ ಓರೆಯಕ್ಷರವೂ

ಲಗ್ನಪತ್ರಿಕೆಯಾಗಲಿ, ನಾಮಕರಣದ ಆಹ್ವಾನವಾಗಲಿ, ಅಂಗಡಿಯ ಹಲಗೆಯಾಗಲಿ, ಅದರ ತಲೆಬರಹವು ದಪ್ಪನಾಗಿಯೂ ಓರೆಯಾಗಿಯೂ ಇಲ್ಲದಿದ್ದರೆ ಈಗ ಮಾಡಿಸಿದವರಿಗೆ ತೃಪ್ತಿಯಿಲ್ಲ. ಕಂಪ್ಯೂಟರಿನಲ್ಲಿ ಎರಡು ಗುಂಡಿಗಳನ್ನು ಒತ್ತಿದರೆ ಸಾಕು, ನೆಟ್ಟಗೆ ನಿಂತಿದ್ದ ಅಕ್ಷರವು ಉಬ್ಬಿ ವಾಲಿಬಿಡುವುದು. ಇದರ ಗುಣದೋಷಗಳ ವಿಚಾರವಾಗಿ ಈ ತಿಂಗಳು ವಾಚಕರೊಡನೆ ನಾಲ್ಕು ಮಾತನಾಡಬೇಕೆಂದಿದ್ದೇವೆ.

ಓರೆಯೂ ದಪ್ಪವೂ ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಉದ್ದೇಶಕ್ಕಾಗಿ ಯೂರೋಪಿನಲ್ಲಿ ಹುಟ್ಟಿದವು. ವೆನಿಸ್ ನಗರದ ಆಲ್ಡಸ್ ಮನೂಷಿಯಸನು 1501ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕವಾಗಿ ಅಚ್ಚುಮಾಡಿದನು. ಅದಕ್ಕಾಗಿ ಫ್ರಾಂಚೆಸ್ಕೊ ಗ್ರಿಫೋ ಎಂಬ ಕುಶಲಿಯು ಅಂದಿನ ವಿದ್ವಾಂಸರ ಓಟದ ಕೈಬರಹವನ್ನು ಅನುಸರಿಸಿ ಓರೆಯ ಮೊಳೆಗಳನ್ನು ಕೊರೆದನು. ದಪ್ಪಕ್ಷರವಾದರೋ ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಜಾಹೀರಾತುಗಳ ಕೂಸು. 1845ರಲ್ಲಿ ಅಲ್ಲಿ ಹೊರಬಂದ ‘ಕ್ಲಾರೆಂಡನ್’ ಮೊಳೆಯು ನಿಘಂಟುಗಳಲ್ಲಿ ಶಬ್ದಗಳನ್ನು ಎತ್ತಿ ತೋರಿಸುವುದಕ್ಕೆ ಒದಗಿತು. ಒಂದು ಪಂಡಿತನ ಲೇಖನಿಯ ಗತಿ, ಇನ್ನೊಂದು ಬೀದಿಯಲ್ಲಿ ಕೂಗುವವನ ಕಂಠ. ಇವೆರಡನ್ನೂ ಕೂಡಿಸಿದುದೇ ಇಂದಿನ ದಪ್ಪ ಓರೆಯಕ್ಷರ.

ರೋಮನ್ ಲಿಪಿಯಲ್ಲಿ ನೆಟ್ಟನೆಯ ಕಂಬಗಳು ಹೇರಳವಾಗಿವೆ. ಅವು ವಾಲಿದರೆ ನಡೆಯುತ್ತಿರುವಂತೆ ತೋರುವುದು. ನಮ್ಮ ಕನ್ನಡವೋ ದುಂಡುಲಿಪಿ. ದುಂಡಾದುದನ್ನು ವಾಲಿಸಿದರೆ ಗತಿಯು ಕಾಣದು, ಸೊಟ್ಟತನವೇ ಕಾಣುವುದು. ಮೇಲಾಗಿ ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಯಂತ್ರವು ಅಕ್ಷರವನ್ನು ಓರೆಮಾಡುವಾಗ ಸಾಲಿನ ಮೇಲಿರುವುದು ಬಲಕ್ಕೂ, ಕೆಳಗಿರುವುದು ಎಡಕ್ಕೂ ಸರಿಯುವುವು. ಗುಡಿಸು ಮುಂದಿನ ಅಕ್ಷರದ ತಲೆಕಟ್ಟಿಗೆ ತಾಗುವುದು. ಒತ್ತು ಹಿಂದಿನ ಅಕ್ಷರದ ಕೆಳಗೆ ನುಸುಳುವುದು. ದಪ್ಪಮಾಡಿದರೆ ಮತ್ತೊಂದು ಕೇಡು. ದಕಾರದ ಬುಡದಲ್ಲಿ ಸೀಳಿದ್ದರೆ ಧಕಾರ. ಜೊತೆಗೆ ಹೊಟ್ಟೆಯಲ್ಲಿ ಚುಕ್ಕೆಯೂ ಇದ್ದರೆ ಥಕಾರ. ಮಸಿಯಲ್ಲಿ ಸೀಳು ಮುಚ್ಚಿಹೋದರೆ ‘ಧನ’ವು ‘ದನ’ವಾಗುವುದು, ಚುಕ್ಕೆ ಮುಳುಗಿದರೆ ‘ಅರ್ಥ’ವು ‘ಅರ್ಧ’ವಾಗುವುದು!

ಇದು ವಿನೋದದ ಮಾತಲ್ಲ. ಕೆಲವು ವರುಷಗಳ ಹಿಂದೆ ನಮ್ಮ ಬಳಗದ ಮದುವೆಯೊಂದರ ಲಗ್ನಪತ್ರಿಕೆಯಲ್ಲಿ ಮುಹೂರ್ತದ ವೇಳೆಯನ್ನು ಕನ್ನಡದ ಅಂಕೆಯಲ್ಲಿ, ಅದೂ ದಪ್ಪ ಓರೆಯಲ್ಲಿ, ಅಚ್ಚುಮಾಡಿದ್ದರು. ಮುಹೂರ್ತವಿದ್ದುದು ಬೆಳಗ್ಗೆ ೬ ಗಂಟೆಗೆ. ೬ಕ್ಕೂ ೯ಕ್ಕೂ ಇರುವ ಭೇದವೆಲ್ಲ ತುದಿಯ ತಿರುವಿನಲ್ಲಿ. ಆ ತಿರುವೇ ಮಸಿಯಲ್ಲಿ ಮುಚ್ಚಿಹೋಗಿತ್ತು. ವರನ ಸೋದರತ್ತೆಯವರು ಹೊಸದುರ್ಗದಿಂದ ಹೊರಟು ಎಂಟೂವರೆಗೆ ಛತ್ರವನ್ನು ಸೇರಿ, “ಸದ್ಯ, ಹೊತ್ತಿಗೆ ಮುಂಚೆಯೇ ಬಂದೆ” ಎಂದರು. ಧಾರೆಯಾಗಿ ಎರಡು ಗಂಟೆಗಳಾಗಿದ್ದುವು. ಎತ್ತಿ ಆಡಿಸಿದ ಹುಡುಗನ ಮದುವೆಯನ್ನು ಕಣ್ಣಾರೆ ನೋಡುವ ಭಾಗ್ಯ ಆ ತಾಯಿಗೆ ತಪ್ಪಿತು.

ಅಕ್ಷರವು ಸ್ಫುಟವಾಗಿಲ್ಲದಿದ್ದರೆ ರಾಜರ ಚರಿತ್ರೆಯೂ ಸಂದೇಹಕ್ಕೀಡಾಗುವುದು. ಇದಕ್ಕೆ ನಮ್ಮ ಚಿತ್ರದುರ್ಗದ ಬೆಟ್ಟದ ಮಗ್ಗುಲ ಚಂದ್ರವಳ್ಳಿಯೇ ಸಾಕ್ಷಿ. ಅಲ್ಲಿ ಭೈರವೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಡಾಕ್ಟರ್ ಎಂ. ಎಚ್. ಕೃಷ್ಣ ಅವರು 1929ರ ಸುಮಾರಿಗೆ ಅದನ್ನು ಬೆಳಕಿಗೆ ತಂದರು. ಅರಸನ ಹೆಸರೂ ಕೆರೆಯ ಮಾತೂ ತಿಳಿಯುವುವು. ಆದರೆ ಅವನು ಗೆದ್ದನೆಂದು ಅಂದು ಓದಲಾದ ರಾಜ್ಯಗಳ ಪಟ್ಟಿಯನ್ನು ಮುಂದಿನ ವಿದ್ವಾಂಸರು ಒಪ್ಪದೆ ಬೇರೆಬೇರೆಯಾಗಿ ಓದಿದರು; ಏಕೆಂದರೆ ಅಕ್ಷರಗಳು ಸವೆದಿವೆ. ಬಿಸಿಲುಮಳೆಗಳು ಹದಿನಾರು ಶತಮಾನಗಳಲ್ಲಿ ಮಾಡಿದುದನ್ನು ನಾವು ಎರಡು ಗುಂಡಿಗಳಿಂದ ಒಂದು ಕ್ಷಣದಲ್ಲಿ ಮಾಡಿಕೊಳ್ಳಬೇಕೆ?

ಹಾಗಾದರೆ ದಪ್ಪ ಓರೆಯಕ್ಷರವು ಬೇಡವೇ ಬೇಡವೆನ್ನುವೆವೆ? ಇಲ್ಲ. ಕಬಡ್ಡಿ ಪಂದ್ಯದ ಪತಾಕೆಗೂ ಸಿನಿಮಾದ ಭಿತ್ತಿಪತ್ರಕ್ಕೂ ಅದರ ರಭಸವು ಒಪ್ಪುವುದು. ಆದರೆ ಅದನ್ನು ವಾಲಿಸಿದರೆ ಸಾಲದು, ಹೊಸದಾಗಿಯೇ ಬರೆಯಬೇಕು. ಹಲಗೆ ಬರೆಯುವ ಪೇಂಟರುಗಳು ಇದನ್ನು ಬಲ್ಲರು: ಗೆರೆ ದಪ್ಪವಾದಷ್ಟೂ ಅಕ್ಷರವನ್ನು ಅಗಲಿಸಿ ಹೊಟ್ಟೆಯನ್ನು ತೆರವಾಗಿಡುವರು, ಗೆರೆಗಳು ಕೂಡುವೆಡೆಯಲ್ಲಿ ಕುಂಚವನ್ನು ಹಗುರಮಾಡುವರು, ಸೀಳನ್ನು ನೀಳವಾಗಿ ಎಳೆಯುವರು, ಒತ್ತನ್ನು ಅದರ ಒಡೆಯನ ಬಳಿಗೇ ತಂದಿಡುವರು. ಕಂಪ್ಯೂಟರಿನ ಅಕ್ಷರಗಳಲ್ಲಿಯೂ ಇಂಥ ಶ್ರದ್ಧೆ ಸಾಧ್ಯ. ಮುಂಬಯಿಯ ಏಕ್ ಟೈಪ್ ಸಂಸ್ಥೆಯವರ ‘ಬಾಲೂ ತಮ್ಮ’ ಎಂಬ ಕನ್ನಡ ಅಕ್ಷರಮಾಲೆಯು ಕರಡಿಯಂತೆ ದಪ್ಪನಾಗಿದ್ದರೂ ಸುಖವಾಗಿ ಓದಿಸಿಕೊಳ್ಳುವುದು. ಅದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು.

ಮನೆಯ ಕಾರ್ಯಗಳಿಗೆ ಪತ್ರಿಕೆ ಮಾಡಿಸುವವರಿಗೆ ನಮ್ಮ ಸೂಚನೆಯಿಷ್ಟು. ದಪ್ಪ ಓರೆಯು ತಲೆಬರಹದ ಒಂದು ಸಾಲಿಗೆ ಮೀರದಿರಲಿ. ಹೆಸರು, ತಿಥಿ, ವೇಳೆ, ಸ್ಥಳ ಇವು ನೆಟ್ಟನೆಯ ಅಕ್ಷರದಲ್ಲಿರಲಿ. ಎತ್ತಿ ತೋರಿಸಬೇಕಾದರೆ ಗಾತ್ರವನ್ನು ಹಿಗ್ಗಿಸಿ, ಸುತ್ತಲೂ ಬಿಳಿಯ ಜಾಗವನ್ನು ಬಿಡಿಸಿರಿ. ವೇಳೆಯನ್ನು ಅಂಕೆಯೊಡನೆ ಅಕ್ಷರದಲ್ಲಿಯೂ ಬರೆಯಿಸಿರಿ. ಅಚ್ಚಿಗೆ ಒಪ್ಪಿಗೆ ಕೊಡುವ ಮುನ್ನ ಕರಡನ್ನು ಮನೆಯ ಅಜ್ಜಿಯವರ ಕೈಗಿತ್ತು ದೀಪದ ಬೆಳಕಿನಲ್ಲಿ ಓದಿಸಿರಿ; ಅವರು ತಡವರಿಸಿದ ಕಡೆ ಅಕ್ಷರವನ್ನು ಬದಲಾಯಿಸಿರಿ.

‘ಅಲಂಕಾರ’ವೆಂಬ ಶಬ್ದದ ಮೊದಲಲ್ಲಿರುವ ‘ಅಲಂ’ ಎಂಬುದಕ್ಕೆ ಸಂಸ್ಕೃತದಲ್ಲಿ ‘ಸಾಕು’ ಎಂಬ ಅರ್ಥವೂ ಉಂಟು. ಎಲ್ಲಿ ಸಾಕೆನ್ನಬೇಕೆಂಬುದನ್ನು ಅರಿತವನ ಕೈಯಲ್ಲಿಯೇ ಅಲಂಕಾರವು ಶೋಭಿಸುವುದು.