ಪಾಸ್‌ವರ್ಡಿನ ಮನೆ ಬದಲಾವಣೆ

ಮನೆ ಬದಲಾಯಿಸುವಾಗ ಬೀಗ ಒಂದು ಪೆಟ್ಟಿಗೆಯಲ್ಲಿಯೂ ಬೀಗದ ಕೈ ಇನ್ನೊಂದರಲ್ಲಿಯೂ ಸೇರಿ ಪೇಚಾಡುವುದು ಗೃಹಸ್ಥರಿಗೆ ಹೊಸದಲ್ಲ. ಗಣಕಯಂತ್ರಗಳಿಗೂ ಇಂಥ ಸಂಕಟವುಂಟು. ಯೂನಿಕ್ಸ್ ವರ್ಗದ ಒಂದು ಸರ್ವರಿನಿಂದ ಇನ್ನೊಂದಕ್ಕೆ ಜನರ ಖಾತೆಗಳನ್ನು ಸಾಗಿಸಿದ ಮೇಲೆ, ಸರಿಯಾದ ಪಾಸ್‌ವರ್ಡನ್ನು ಕೊಟ್ಟರೂ ಯಂತ್ರವು ಬಾಗಿಲು ತೆರೆಯದಿರಬಹುದು. ಇದರ ಕಾರಣವನ್ನು ಈ ತಿಂಗಳು ವಿಚಾರಿಸೋಣ.

ಸರ್ವರು ನಮ್ಮ ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಡುವುದಿಲ್ಲ. ಅಕ್ಕಿಯನ್ನು ಬೀಸುವಂತೆ ಅದನ್ನು ಗಣಿತದ ಒಂದು ಕ್ರಮದಿಂದ ಬೀಸಿ, ಹಿಟ್ಟನ್ನು ಮಾತ್ರ ಕಾಯ್ದಿಡುತ್ತದೆ. ಇದಕ್ಕೆ ಹ್ಯಾಶ್ ಎಂದು ಹೆಸರು. ಹಿಟ್ಟಿನಿಂದ ಅಕ್ಕಿಯನ್ನು ಮರಳಿ ಪಡೆಯಲಾಗದಷ್ಟೆ. ನಾವು ಪುನಃ ಪಾಸ್‌ವರ್ಡ್ ಕೊಟ್ಟಾಗ ಅದನ್ನೂ ಹಾಗೆಯೇ ಬೀಸಿ ಎರಡನ್ನೂ ಹೋಲಿಸಿ ನೋಡುತ್ತದೆ. ಬೀಸುವಾಗ ಬೆರೆಸುವ ಕೆಲವು ಅಕ್ಷರಗಳಿಗೆ 'ಉಪ್ಪು' ಎಂದೇ ಹೆಸರು. ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ, ಉಪ್ಪು ಬೇರೆಯಾದರೆ ಹಿಟ್ಟೂ ಬೇರೆ.

ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬವರು ೧೯೭೯ರಲ್ಲಿ ಇಂಥ ಕ್ರಮವೊಂದನ್ನು ವಿವರಿಸಿ ಲೇಖನ ಪ್ರಕಟಿಸಿದರು. ಅದರಲ್ಲಿ ಮೊದಲ ೮ ಅಕ್ಷರಗಳಿಗೆ ಮಾತ್ರ ಬೆಲೆ. ಉಪ್ಪಿನ ಬಗೆಗಳು ೪೦೯೬. ಯಂತ್ರಗಳ ವೇಗ ಹೆಚ್ಚಿದಂತೆ, ಲಕ್ಷಾಂತರ ಊಹೆಗಳನ್ನು ಬೀಸಿ ನೋಡುವುದು ಕಳ್ಳರಿಗೆ ಸುಲಭವಾಯಿತು. ಆದುದರಿಂದ ಹೆಚ್ಚು ಶ್ರಮ ಬೇಡುವ ಹೊಸ ಕ್ರಮಗಳು ಹುಟ್ಟಿದವು: ೧೯೯೯ರಲ್ಲಿ ಬಿಕ್ರಿಪ್ಟ್, ೨೦೦೭ರಲ್ಲಿ ಶಾ-೫೧೨ನ್ನು ಆಧರಿಸಿದ ಕ್ರಮ, ತರುವಾಯ ಯೆಸ್‌ಕ್ರಿಪ್ಟ್. ಯಾವ ಬೀಸುವ ಕಲ್ಲಿನ ಹಿಟ್ಟೆಂಬುದನ್ನು ಮೊದಲಿನ ಡಾಲರ್ ಚಿಹ್ನೆಗಳ ನಡುವಣ ಗುರುತೇ ಹೇಳುತ್ತದೆ. ೬ ಎಂದಿದ್ದರೆ ಶಾ-೫೧೨. ವೈ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಯೆಸ್‌ಕ್ರಿಪ್ಟ್.

ತೊಡಕಿರುವುದು ಇಲ್ಲಿಯೇ. ೨೦೨೧ರಲ್ಲಿ ಹೊರಬಂದ ಡೆಬಿಯನ್ ೧೧ ಹೊಸ ಪಾಸ್‌ವರ್ಡುಗಳನ್ನು ಯೆಸ್‌ಕ್ರಿಪ್ಟ್‌ನಿಂದ ಬೀಸುತ್ತದೆ. ಅದಕ್ಕೆ ಹಿಂದಿನ ಡೆಬಿಯನ್ ೧೦ಕ್ಕೆ ಆ ಕ್ರಮ ತಿಳಿಯದು. ಹಳೆಯದರಿಂದ ಹೊಸದಕ್ಕೆ ಹ್ಯಾಶುಗಳನ್ನು ಒಯ್ದರೆ ಬಾಧೆಯಿಲ್ಲ. ಹೊಸದರಿಂದ ಹಳೆಯದಕ್ಕೆ ಒಯ್ದರೆ ಬಾಗಿಲು ಮುಚ್ಚಿತೆಂದೇ ತಿಳಿಯಬೇಕು.

ಒಂದು ಹ್ಯಾಶನ್ನು ಇನ್ನೊಂದು ಬಗೆಯ ಹ್ಯಾಶಾಗಿ ಪರಿವರ್ತಿಸುವ ಉಪಾಯವಿಲ್ಲ. ಮೂಲದ ಅಕ್ಕಿ ಖಾತೆದಾರನ ನೆನಪಿನಲ್ಲಿ ಮಾತ್ರ ಉಂಟು. ಆದಕಾರಣ ಸಾಗಿಸುವ ಮೊದಲೇ ಗುರುತುಗಳನ್ನು ನೋಡಿ, ಒಂದು ಪರೀಕ್ಷಾ ಖಾತೆಯಿಂದ ಪ್ರವೇಶಿಸಿ ನೋಡತಕ್ಕದ್ದು. ಹೊಸ ಯಂತ್ರವು ಹಳೆಯ ಕ್ರಮವನ್ನು ಬಲ್ಲದಾದರೆ ಹ್ಯಾಶುಗಳನ್ನು ಇದ್ದಂತೆಯೇ ತಂದು, ಮೊದಲ ಪ್ರವೇಶದಲ್ಲಿ ಪ್ರತಿಯೊಬ್ಬರೂ ಪಾಸ್‌ವರ್ಡ್ ಬದಲಾಯಿಸುವಂತೆ ವಿಧಿಸಬೇಕು. ಹಾಗೆ ಮಾಡದಿದ್ದರೆ ಹಳೆಯ ದುರ್ಬಲ ಹಿಟ್ಟು ಹೊಸ ಮನೆಯಲ್ಲಿಯೂ ಉಳಿದುಬಿಡುತ್ತದೆ. ಬಲ್ಲದಲ್ಲವಾದರೆ ಎಲ್ಲರಿಗೂ ಹೊಸ ಪಾಸ್‌ವರ್ಡೇ ಗತಿ.

ಕೆಲಸ ಹಗುರವಾಗಲೆಂದು ಎಲ್ಲರ ಪಾಸ್‌ವರ್ಡುಗಳನ್ನೂ ಕೇಳಿ ಕಾಗದದಲ್ಲಿ ಬರೆದುಕೊಳ್ಳುವ ಅಭ್ಯಾಸ ಮಾತ್ರ ಸರ್ವಥಾ ಕೂಡದು. ಯಂತ್ರವೇ ತಿಳಿಯಬಾರದೆಂದು ಬೀಸಿಟ್ಟ ಗುಟ್ಟನ್ನು ಅದರ ಮೇಲ್ವಿಚಾರಕನು ಕೇಳುವುದು ಉಚಿತವಲ್ಲ. ಕೇಳಿದರೆ ಹೇಳದಿರುವುದೇ ವಿವೇಕ.