ಬೋನು ತನ್ನಿ ಎನ್ನುವವರಿಗೆ

ಚಿರತೆ ಕಂಡಿತೆಂದರೆ ತುಮಕೂರು ಸೀಮೆಯ ನಮಗೆ ಗೊತ್ತಿರುವುದು ಎರಡೇ ಕೆಲಸ. ಮೊಬೈಲಿನಲ್ಲಿ ವಿಡಿಯೊ ಹಿಡಿದು ಹಂಚುವುದು, ಅರಣ್ಯ ಇಲಾಖೆಗೆ ಫೋನು ಮಾಡಿ ಬೋನು ತನ್ನಿ ಎಂದು ಗದರುವುದು. ಬೋನಿಗೆ ಬಿದ್ದ ಪ್ರಾಣಿ ಗಾಡಿ ಹತ್ತಿ ಹೋದರೆ ಊರಿನ ಜವಾಬ್ದಾರಿ ಮುಗಿಯಿತು. ಅದನ್ನು ಎಲ್ಲಿ ಬಿಟ್ಟರು, ಅಲ್ಲಿ ಯಾರ ಕೊಟ್ಟಿಗೆಗೆ ನುಗ್ಗಿತು ಎಂದು ಯಾರೂ ಕೇಳುವುದಿಲ್ಲ.

ಮಹಾರಾಷ್ಟ್ರದ ಜುನ್ನರ್‌ನಲ್ಲಿ 2001ರಿಂದ ಹೀಗೇ ಹಿಡಿದು ಹಿಡಿದು ಪಕ್ಕದ ಕಾಡುಗಳಿಗೆ ಬಿಟ್ಟರು. ಚಿರತೆಗಳನ್ನು ಅಧ್ಯಯನ ಮಾಡುವ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ 4 ಇದ್ದ ದಾಳಿ 17ಕ್ಕೆ ಏರಿತ್ತು. ಚಿರತೆಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ ಸಂಜಯ್ ಗುಬ್ಬಿ ನಮ್ಮ ಗುಬ್ಬಿಯ ಹೆಸರನ್ನೇ ಹೊತ್ತವರು. 2017ರಲ್ಲಿ ಅವರಿಗೆ ವನ್ಯಜೀವಿ ಸಂರಕ್ಷಣೆಯ ವೈಟ್ಲಿ ಪ್ರಶಸ್ತಿ ಬಂದಾಗ ಎದೆಯುಬ್ಬಿಸಿದೆವು. ಅವರು ಬರೆದದ್ದನ್ನು ಓದಿದವರು ಎಷ್ಟು ಮಂದಿ?

2019ರ ಕೊನೆಯಿಂದ 2020ರ ಆರಂಭದವರೆಗೆ ಹೆಬ್ಬೂರು, ಕುಣಿಗಲ್, ಗುಬ್ಬಿ ಕಡೆಯ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಸತ್ತರು, ಮಕ್ಕಳೂ ಸತ್ತರು. ಆ ಮನೆಗಳ ಸಂಕಟಕ್ಕೆ ಯಾವ ಉಪದೇಶವೂ ಉತ್ತರವಲ್ಲ. ನನ್ನ ಸಿಟ್ಟಿರುವುದು, ಆಮೇಲೂ ಒಂದು ಅಭ್ಯಾಸವನ್ನೂ ಬಿಡದ ನಮ್ಮ ಮೇಲೆ.

ಇದು ನಮ್ಮ ಸೀಮೆಯೊಂದರ ಕಥೆಯಲ್ಲ. 2019ರಲ್ಲೇ ಜೇಮ್ಸ್ ಆ್ಯಲನ್ ಮತ್ತು ಇತರ ವಿಜ್ಞಾನಿಗಳು 5,457 ಬಗೆಯ ಹಕ್ಕಿ, ಸಸ್ತನಿ, ಉಭಯಚರಗಳ ನೆಲೆಯ ಮೇಲೆ ಮನುಷ್ಯ ತಂದ ಕಂಟಕಗಳನ್ನು ನಕ್ಷೆಗಿಳಿಸಿದರು. 1,237 ಜೀವಿಗಳಿಗೆ ನೆಲೆಯ ಶೇ. 90ಕ್ಕೂ ಹೆಚ್ಚು ಕಡೆ ಕಂಟಕ. 395ಕ್ಕೆ ಇಡೀ ನೆಲೆಯಲ್ಲೇ. ಎಲ್ಲಕ್ಕಿಂತ ಕೆಟ್ಟ ಸ್ಥಿತಿ ಮಲೇಷ್ಯಾ, ಬ್ರೂನೈ ಕಡೆಯದು. ಇಂಥ ಸುದ್ದಿ ಓದಿ ನಾವು ಲೊಚಗುಟ್ಟುತ್ತೇವೆ, ಪುಟ ತಿರುಗಿಸುತ್ತೇವೆ.

ನಮ್ಮ ನಕ್ಷೆ ಬರೆಯಲು ಉಪಗ್ರಹ ಬೇಡ. ಕತ್ತಲಾದ ಮೇಲೆ ಕೆರೆ ಏರಿಯ ಬಳಿ ಚೀಲಗಟ್ಟಲೆ ಕೋಳಿ ತ್ಯಾಜ್ಯ ಸುರಿಯುವುದು ಯಾರು? ಅದನ್ನು ತಿಂದು ನಾಯಿ ಹೆಚ್ಚುತ್ತವೆ, ನಾಯಿಯ ಬೆನ್ನಿಗೆ ಚಿರತೆ ಬರುತ್ತದೆ. ಔತಣಕ್ಕೆ ಕರೆದವರೇ ಬೋನು ಕೇಳುತ್ತಿದ್ದೇವೆ. ಬೇಸಿಗೆಯಲ್ಲಿ ದೇವರಾಯನದುರ್ಗದ ಹುಲ್ಲಿಗೆ ಬೀಳುವ ಬೆಂಕಿಯೂ ಆಕಾಶದಿಂದ ಇಳಿದದ್ದಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಉದ್ಯೋಗ ಬೇಕು, ಸರಿ. ಆದರೆ ಕಾವಲೆಂದರೆ ಖಾಲಿ ಜಾಗ ಎನ್ನುವ ಮಾತು ನಮ್ಮ ಬಾಯಲ್ಲಿ ಎಷ್ಟು ಸಲೀಸು! ನರಿ, ಮೊಲ, ನೆಲದಲ್ಲಿ ಗೂಡು ಮಾಡುವ ಹಕ್ಕಿಗಳಿಗೆ ಆ ಹುಲ್ಲುಗಾವಲೇ ಮನೆ.

ಇನ್ನು ಕಾಡುಪಾಪ. ತುಮಕೂರು ತಾಲ್ಲೂಕಿನ ನಾಗವಲ್ಲಿ ಅದರಿಂದಲೇ ಹೆಸರಾದ ಊರು. ಅಂಗೈ ಮೇಲೆ ಕೂರುವಷ್ಟು ಪ್ರಾಣಿ, ರಾತ್ರಿಯೆಲ್ಲ ಹುಳುಹುಪ್ಪಟೆ ಹಿಡಿದು ತಿನ್ನುತ್ತದೆ, ರೈತನಿಗೆ ಎಳ್ಳಷ್ಟೂ ನಷ್ಟವಿಲ್ಲ. ಮಂಗನಂತೆ ನೆಗೆಯಲಾರದು, ಕೊಂಬೆಗೆ ಕೊಂಬೆ ತಾಗಿರಬೇಕು. ಬೇಲಿ ಸವರಿ ಕಲ್ಲುಕಂಬ ನೆಟ್ಟಾಗ, ರಸ್ತೆ ಅಗಲಕ್ಕೆಂದು ಸಾಲುಮರ ಉರುಳಿದಾಗ ಅದರ ದಾರಿ ತುಂಡಾಗುತ್ತದೆ. ಆಗ ನೆಲಕ್ಕಿಳಿದು ಚಕ್ರಕ್ಕೆ ಸಿಗಬೇಕು, ಇಲ್ಲವೇ ಕರೆಂಟು ತಂತಿ ಹಿಡಿದು ಸುಟ್ಟುಹೋಗಬೇಕು. ಸಾಲದ್ದಕ್ಕೆ ಅಪಶಕುನವೆಂದು ಕಲ್ಲು ಹೊಡೆಯುತ್ತಾರೆ, ಮಾಟಕ್ಕೆಂದು ಕಣ್ಣು ಕೀಳುತ್ತಾರೆ. ಕಾಡುಪಾಪ ಯಾರ ಮೇಲೂ ಎರಗುವುದಿಲ್ಲ, ಹಾಗಾಗಿ ಅದರ ಹೆಸರಲ್ಲಿ ಯಾರೂ ಫೋನು ಮಾಡುವುದಿಲ್ಲ.

ಗ್ರಾಮಸಭೆಯಲ್ಲಿ ಬೀದಿದೀಪ, ಚರಂಡಿ ಕೇಳುತ್ತೀರಿ. ಮಾಂಸದ ತ್ಯಾಜ್ಯಕ್ಕೊಂದು ಗುಂಡಿ ಕೇಳಿದ್ದೀರಾ? ಕುರಿ ಕೊಟ್ಟಿಗೆಗೆ ಗಟ್ಟಿ ಬಾಗಿಲು ಹಾಕಿಸಿದ್ದೀರಾ? ಉಳಿದಿರುವ ಬೇಲಿಮರವನ್ನು ಕಡಿಯಬೇಡ ಎಂದು ಪಕ್ಕದ ಹೊಲದವನಿಗೆ ಹೇಳಿದ್ದೀರಾ? ಮೊದಲು ಇವನ್ನು ಮುಗಿಸಿ. ಇಲಾಖೆಯವರನ್ನು ಗದರುವುದು ಆಮೇಲೆ.