ಪರ್ಫ್ಯೂಮ್ ಮುಚ್ಚಿಡುವ ಮುಗ್ಗಲು

ಹೈದರಾಬಾದಿನಲ್ಲಿ ಮಳೆಗಾಲ ಹಿಡಿಯಿತೆಂದರೆ ನಮ್ಮ ಆಫೀಸಿನವರಲ್ಲಿ ಒಂದು ದೂರು ಶುರುವಾಗುತ್ತದೆ. ಕಾರಿನ ಎ.ಸಿ. ಹಾಕಿದೊಡನೆ ಮುಗ್ಗಲು ವಾಸನೆ. ಒಣಗದ ಬಟ್ಟೆ, ಹಳೇ ಗೋಣಿಚೀಲ, ಒದ್ದೆ ಸಾಕ್ಸು ಎಲ್ಲ ಒಟ್ಟಿಗೆ ಸೇರಿದಂತೆ. ಹೆಚ್ಚಿನವರ ಪರಿಹಾರ ಡ್ಯಾಶ್‌ಬೋರ್ಡಿನ ಮೇಲೊಂದು ಪರ್ಫ್ಯೂಮ್ ಡಬ್ಬಿ. ಸ್ನಾನ ಬಿಟ್ಟು ಸೆಂಟು ಬಳಿದುಕೊಂಡು ಮದುವೆಗೆ ಹೋದಂತೆ ಇದು.

ನಮ್ಮವ್ವನಿಗೆ ಉಬ್ಬಸ. ಬೀದರಿನಿಂದ ಬಂದಾಗಲೆಲ್ಲ ಕಾರು ಹತ್ತಿದ ಕೂಡಲೇ "ಅಪ್ಪಾ, ಕಿಡಕಿ ತೆಗಿ" ಅನ್ನುತ್ತಾಳೆ. ಅವಳಂಥವರಿಗೆ ಬೂಷ್ಟಿನ ಗಾಳಿಯೂ ಆಗದು, ಘಾಟು ಸುಗಂಧವೂ ಆಗದು. ಹಾಗಾಗಿ ಇದು ಬರೀ ಮೂಗಿನ ನಾಜೂಕಿನ ಮಾತಲ್ಲ.

ವಾಸನೆ ಹುಟ್ಟುವುದು ಡ್ಯಾಶ್‌ಬೋರ್ಡಿನ ಒಳಗಿರುವ ಇವ್ಯಾಪೊರೇಟರ್ ಕಾಯಿಲ್‌ನಲ್ಲಿ. ತಣ್ಣೀರಿನ ಚೊಂಬಿನ ಹೊರಮೈ ಬೆವರುವಂತೆ ಎ.ಸಿ. ಓಡುವಾಗ ಅದೂ ಬೆವರುತ್ತದೆ. ಆ ನೀರು ಪೈಪಿನಲ್ಲಿ ಇಳಿದು ಕಾರಿನಡಿ ತೊಟ್ಟಿಕ್ಕಬೇಕು. ಮಳೆಗಾಲದಲ್ಲಿ ಎ.ಸಿ. ಓಡಿಯೂ ಅಲ್ಲಿ ಹನಿ ಕಾಣದಿದ್ದರೆ ಪೈಪು ಕಟ್ಟಿದೆಯೇ ನೋಡಿಸಿ. ಗಮ್ಯ ಬಂದೊಡನೆ ಎಂಜಿನ್ ಆಫ್ ಮಾಡಿ ಇಳಿದುಬಿಟ್ಟರೆ ಕಾಯಿಲ್ ಒದ್ದೆಯಾಗಿಯೇ ಉಳಿಯುತ್ತದೆ. ಮೇಲೆ ಧೂಳು, ಸುತ್ತ ಕತ್ತಲೆ. ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಇನ್ನೇನು ಬೇಕು? ಧೂಳಿಗಂತೂ ಈ ಊರಲ್ಲಿ ಬರವಿಲ್ಲ. ಗಚ್ಚಿಬೌಲಿ, ಕೋಕಾಪೇಟ್ ಕಡೆ ಬಂಡೆ ಒಡೆದು ಗೋಪುರ ಎಬ್ಬಿಸುವುದು ನಿಂತೇ ಇಲ್ಲ. ರಾತ್ರಿ ಕಾರು ನಿಲ್ಲುವುದು ಬಿಸಿಲು ಕಾಣದ ಸೆಲ್ಲಾರಿನಲ್ಲಿ. ಬೇಸ್‌ಮೆಂಟಿಗೆ ಇಲ್ಲಿನವರು ಹೇಳುವುದು ಹಾಗೆ.

ಮದ್ದಿಗೆ ಕಾಸು ಬೇಕಿಲ್ಲ. ಮನೆ ಐದು ನಿಮಿಷ ಇರುವಾಗ ಎ.ಸಿ. ಸ್ವಿಚ್ ಆರಿಸಿ, ಹೊರಗಿನ ಗಾಳಿ ಒಳಬರುವಂತೆ ಮಾಡಿ, ಫ್ಯಾನ್ ಜೋರಾಗಿ ಬಿಡಿ. ಕಾಯಿಲ್ ಒಣಗುತ್ತದೆ. ಗಾಜು ಮಂಜಾದರೆ ಮಾತ್ರ ಮತ್ತೆ ಎ.ಸಿ. ಹಾಕಿ, ದಾರಿ ಕಾಣುವುದು ಮೊದಲು. ಎಂಜಿನ್ ನಿಂತ ಮೇಲೆ ತಾನೇ ಬ್ಲೋವರ್ ಓಡಿಸಿ ಕಾಯಿಲ್ ಒಣಗಿಸುವ ವ್ಯವಸ್ಥೆ ಈಗ ಕೆಲವು ಕಾರುಗಳಲ್ಲಿದೆ. ಸನ್‌ರೂಫ್‌ಗಿಂತ ಮೊದಲು ಅದನ್ನು ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಕ್ಯಾಬಿನ್ ಫಿಲ್ಟರ್. ಬಹಳಷ್ಟು ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ, ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಇರುವುದೇ ಇಲ್ಲ. ಕೆಲವು ನೂರು ರೂಪಾಯಿಯ ವಸ್ತು. ಹೋದ ವರ್ಷ ಒಂದು ಸರ್ವೀಸ್ ಸೆಂಟರ್ ನನಗೆ ಸಾವಿರಾರು ರೂಪಾಯಿಯ ಎ.ಸಿ. ಕ್ಲೀನಿಂಗ್ ಪ್ಯಾಕೇಜ್ ಹೇಳಿತು. ಹಳೇ ಫಿಲ್ಟರ್ ತೋರಿಸಿ ಎಂದೆ. ತೆಗೆದದ್ದು ಎಲೆಚೂರು ತುಂಬಿದ ಕರೀ ಹಲಗೆ! ಫಿಲ್ಟರ್ ಬದಲಿಸಿ, ಕಾಯಿಲ್ ಒಣಗಿಸುವ ರೂಢಿ ಮಾಡಿಕೊಂಡ ಮೇಲೆ ವಾರದೊಳಗೆ ವಾಸನೆ ಇಳಿಯಿತು. ಕಾಯಿಲ್‌ಗೆ ಬೂಷ್ಟು ದಪ್ಪನೆ ಕಟ್ಟಿದ್ದರೆ ಫೋಮ್ ಹಾಕಿ ತೊಳೆಸಲೇಬೇಕು, ಅದು ಮೋಸವೇನಲ್ಲ. ಆದರೆ ಒದ್ದೆ ಬಿಟ್ಟರೆ ಬೂಷ್ಟು ಮತ್ತೆ ಬರುತ್ತದೆ, ದುಡ್ಡು ಮಾತ್ರ ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಮೂಗನ್ನು ಇನ್ನಷ್ಟು ನಂಬಬೇಕು. 2020ರ ಅಕ್ಟೋಬರ್ ಮಳೆಯಲ್ಲಿ ಈ ಊರಿನ ಕಾರುಗಳು ನೀರಲ್ಲಿ ತೇಲಿದ್ದನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದೇವೆ. ಮಾರುವವರು ಬಾಗಿಲು ತೆರೆದೊಡನೆ ಸುಗಂಧ ಗಪ್ಪೆಂದು ಹೊಡೆದರೆ ಖುಷಿಪಡಬೇಡಿ. ಮ್ಯಾಟ್ ಎತ್ತಿ, ಕೆಳಗಿನ ಕಾರ್ಪೆಟ್ ಮೂಸಿ ನೋಡಿ.